ನದಿಯಿಲ್ಲದ ಜಿಲ್ಲೆಯ ಪಾಠ

ಕಳೆದ ವಾರ ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಇಳಿಸಿದಾಗ ಅದರ ತಳದಲ್ಲಿ ನಾನೇ ಬರೆದ ಕೋಲಾರ ಜಿಲ್ಲೆಯ ನಕ್ಷೆಯೊಂದು ಸಿಕ್ಕಿತು. ದಪ್ಪ ಡ್ರಾಯಿಂಗ್ ಹಾಳೆಗೆ ಹಿಂದಿನಿಂದ ಬಟ್ಟೆ ಅಂಟಿಸಿ, ಮೇಲೂ ಕೆಳಗೂ ಬಿದಿರಿನ ದಬ್ಬೆ ಕಟ್ಟಿ ಮಾಡಿದ್ದು. ನನ್ನ ಬಳಿ ಓದಿದವರಿಗೆ ಅದರ ನೆನಪಿರಬಹುದು. ವರ್ಗವಾದಲ್ಲೆಲ್ಲ ಅದನ್ನು ಸುರುಳಿ ಸುತ್ತಿಕೊಂಡು ಬಸ್ಸು ಹತ್ತುತ್ತಿದ್ದೆ. ಮೊಮ್ಮಗಳು ನೋಡಿ, "ತಾತ, ಇದರಲ್ಲಿ ಗೌರಿಬಿದನೂರು, ಚಿಂತಾಮಣಿ ಎಲ್ಲ ಇವೆಯಲ್ಲ, ತಪ್ಪು ಬರೆದಿದ್ದೀರಿ" ಎಂದಳು. ತಪ್ಪಲ್ಲ. 2007ರವರೆಗೆ ನಮ್ಮದು 11 ತಾಲ್ಲೂಕುಗಳ ಜಿಲ್ಲೆ. ಆ ವರ್ಷ ಚಿಕ್ಕಬಳ್ಳಾಪುರ ಬೇರೆಯಾಗಿ ಆರು ತಾಲ್ಲೂಕುಗಳು ಅತ್ತ ಹೋದವು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಇತ್ತ ಉಳಿದವು. ಬಂಗಾರಪೇಟೆಯೊಂದನ್ನು ಬಿಟ್ಟು ಉಳಿದ ನಾಲ್ಕರಲ್ಲಿಯೂ ನಾನು ಪಾಠ ಮಾಡಿದ್ದೇನೆ.

ನಕ್ಷೆಯಲ್ಲಿ ಮಸುಕಾಗದೆ ಉಳಿದಿರುವುದು ನೀಲಿ ಶಾಯಿಯ ಚುಕ್ಕೆಗಳು ಮಾತ್ರ. ಅವು ಕೆರೆಗಳು. ಅವಿಭಜಿತ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ನಾನು ಗುರುತಿಸಿದ್ದು ಇನ್ನೂರೋ ಮುನ್ನೂರೋ ಇರಬೇಕು.

"ನಮ್ಮ ಜಿಲ್ಲೆಯ ನದಿಗಳು" ಎಂಬ ಪಾಠ ಬಂದಾಗಲೆಲ್ಲ ಮಕ್ಕಳು ನಗುತ್ತಿದ್ದರು. ನೋಡಿದ್ದರೆ ತಾನೆ! ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಮೂರೂ ನಂದಿಬೆಟ್ಟದ ಸುತ್ತಿನಲ್ಲಿ ಹುಟ್ಟುತ್ತವೆ, ಆದರೆ ನಿಲ್ಲುವುದು ನೆರೆಯ ರಾಜ್ಯಗಳಲ್ಲಿ. ಮದುವೆಯಾದ ಹೆಣ್ಣುಮಕ್ಕಳ ಹಾಗೆ ಎಂದು ನಾನು ಹೇಳುತ್ತಿದ್ದೆ. ಮೇಲಾಗಿ 1892ರಲ್ಲಿ ಮದರಾಸು ಸರ್ಕಾರಕ್ಕೂ ಮೈಸೂರು ಸಂಸ್ಥಾನಕ್ಕೂ ಆದ ಒಪ್ಪಂದದಂತೆ, ಈ ನದಿಗಳಿಗೆ ಅಡ್ಡಲಾಗಿ ಮದರಾಸಿನ ಒಪ್ಪಿಗೆಯಿಲ್ಲದೆ ಹೊಸ ಕಟ್ಟೆ ಕಟ್ಟುವಂತಿರಲಿಲ್ಲ. ನಮ್ಮ ಪೂರ್ವಿಕರಾದರೋ ಅದಕ್ಕೂ ಬಹಳ ಹಿಂದೆಯೇ ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಹಿಡಿಯುವ ಉಪಾಯ ಕಂಡುಕೊಂಡಿದ್ದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಒಂದು ಸರಪಳಿ. ಕೆರೆಗಳಿಗೂ ಊರುಗಳಿಗೂ ಅವರು ಇಟ್ಟ ಹೆಸರುಗಳನ್ನು ನೋಡಿ: ಲಕ್ಷ್ಮೀಸಾಗರ, ದೇವರಾಯಸಮುದ್ರ. ನದಿಯಿಲ್ಲದ ನಾಡಿನಲ್ಲಿ ಸಾಗರ, ಸಮುದ್ರಗಳಿಗೆ ಕೊರತೆಯಿಲ್ಲ.

ನಾಲ್ಕು ತಾಲ್ಲೂಕುಗಳನ್ನೂ ನಾನು ಮಕ್ಕಳೊಂದಿಗೆ ಸುತ್ತಿದವನು. ಕೋಲಾರದಲ್ಲಿ ಅಂತರಗಂಗೆಯ ಮೆಟ್ಟಿಲು ಹತ್ತಿ, ಬಸವನ ಬಾಯಿಂದ ಬೇಸಗೆಯಲ್ಲಿಯೂ ಬೀಳುವ ನೀರನ್ನು ಕುಡಿಸಿ, ಕೆಳಗಿಳಿದು ಕೋಲಾರಮ್ಮನ ಗುಡಿಯ ಗೋಡೆಯ ಮೇಲಿನ ಚೋಳರ ತಮಿಳು ಶಾಸನಗಳನ್ನು ತೋರಿಸುತ್ತಿದ್ದೆ. ತಲಕಾಡಿಗೆ ಹೋದ ಮೇಲೂ ಗಂಗರು ತಮ್ಮನ್ನು ಕುವಳಾಲಪುರದ ಒಡೆಯರೆಂದೇ ಕರೆದುಕೊಂಡರು ಎಂದರೆ ಮಕ್ಕಳಿಗೆ ಹೆಮ್ಮೆ. ಆ ಕುವಳಾಲವೇ ನಮ್ಮ ಕೋಲಾರ. ಮುಳಬಾಗಿಲೆಂದರೆ ಮೂಡಲ ಬಾಗಿಲು. ಅಲ್ಲಿಂದ ಆವಣಿಯ ನೊಳಂಬರ ಗುಡಿಗಳು, ಕುರುಡುಮಲೆಯ ಗಣಪ. ಡಿ.ವಿ.ಜಿ.ಯವರು 1887ರಲ್ಲಿ ಹುಟ್ಟಿದ ಊರು ಇದೇ ಎಂದರೆ ಹುಡುಗರ ಗಮನವೆಲ್ಲ ಹೋಟೆಲಿನ ದೋಸೆಯ ಕಡೆಗಿರುತ್ತಿತ್ತು. ಅವರನ್ನು ದೂರಲಾರೆ, ನನ್ನದೂ ಅಲ್ಲಿಯೇ ಇರುತ್ತಿತ್ತು. ಶ್ರೀನಿವಾಸಪುರದಲ್ಲಿ ನಾನಿದ್ದ ನಾಲ್ಕು ವರ್ಷಗಳ ಬಗ್ಗೆ ಹೇಳಬೇಕಾದದ್ದು ಮಾವಿನ ಹಣ್ಣೊಂದೇ. ಮಳೆಯನ್ನೇ ನಂಬಿದ ಬೆದ್ದಲಿನಲ್ಲಿ ಅಷ್ಟು ರಸ ಎಲ್ಲಿಂದ ಬರುತ್ತದೆಯೋ ಕಾಣೆ.

ಭಾಷೆಯ ವಿಷಯ ಒಂದಿಷ್ಟು ಹೇಳಬೇಕು. ನನ್ನ ತರಗತಿಯ ಹೆಚ್ಚಿನ ಮಕ್ಕಳ ಮನೆಮಾತು ತೆಲುಗು. ಮಾಲೂರಿನ ಕಡೆ ಕೆಲವರದು ತಮಿಳು. ಮನೆಯಲ್ಲಿ 'ಚೆರುವು', ಶಾಲೆಯಲ್ಲಿ 'ಕೆರೆ'. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತೂ ತಮಿಳೇ. ಅವರು ಕನ್ನಡದಲ್ಲಿ ಬರೆದು ಜ್ಞಾನಪೀಠ ಪಡೆದರು ಎಂದು ಹೇಳಿ ಮಕ್ಕಳನ್ನು ಹುರಿದುಂಬಿಸುತ್ತಿದ್ದೆ. ಆದರೆ ಅದೇ ಉತ್ಸಾಹದಲ್ಲಿ, ತೆಲುಗಿನಲ್ಲಿ ಹೇಳಿದ ಮಾತು ಹಳ್ಳಿಯವರ ಮಾತು, ಕನ್ನಡದಲ್ಲಿ ಅಚ್ಚಾದದ್ದು ವಿದ್ಯೆ ಎಂಬ ಭಾವನೆಯೂ ನನ್ನಲ್ಲಿ ಬೆಳೆದಿತ್ತು. ಈಗ ಬರೆಯಲು ಕುಳಿತದ್ದು ಅದರಿಂದಾದ ಒಂದು ತಪ್ಪನ್ನು.

1984. ಮಾಲೂರು ತಾಲ್ಲೂಕಿನ ಒಂದು ಹಳ್ಳಿ, ಹೆಸರು ಬೇಡ. ಹೆಂಚು, ಇಟ್ಟಿಗೆಗಳಿಗೆಂದು ಕೆರೆಮಣ್ಣು ತುಂಬಿದ ಎತ್ತಿನ ಗಾಡಿಗಳು ಶಾಲೆಯ ಮುಂದೆಯೇ ಹೋಗುತ್ತಿದ್ದವು. ಅದು ಸಾಮಾಜಿಕ ಅರಣ್ಯದ ಕಾಲ. ವನಮಹೋತ್ಸವಕ್ಕೆಂದು ಶಾಲೆಗೆ ನೀಲಗಿರಿ ಸಸಿಗಳು ಬಂದವು. ಕೆರೆಯ ಮೇಲ್ಗಡೆಯ ಗೋಮಾಳದಲ್ಲಿ ಏಳನೆಯ ತರಗತಿಯ ಮಕ್ಕಳಿಂದ ಗುಂಡಿ ತೋಡಿಸಿ ನೆಡಿಸುತ್ತಿದ್ದೆ. ಆಗ ಊರಿನ ನೀರುಗಂಟಿ ಹೆಗಲ ಮೇಲೆ ಸನಿಕೆ ಇಟ್ಟುಕೊಂಡು ಬಂದು ನಿಂತರು. ತೂಬು ಎತ್ತುವುದು, ಸರದಿಯಂತೆ ಗದ್ದೆಗಳಿಗೆ ನೀರು ಕಟ್ಟುವುದು, ಕೋಡಿಯ ಕಾವಲು ಎಲ್ಲವೂ ಅವರ ಕೆಲಸ. ಸುಗ್ಗಿಯಲ್ಲಿ ಕಣದ ಮುಂದೆ ಅವರಿಗೆ ಇಷ್ಟು ಎಂದು ಧಾನ್ಯ ಅಳೆದುಕೊಡುತ್ತಿದ್ದರು. ಅವರು ಸ್ವಲ್ಪ ಹೊತ್ತು ನೋಡಿ, "ಈ ಚೆಟ್ಲು ಚೆರುವು ನೀಳ್ಳು ತಾಗೇಸ್ತಾಯಿ, ಅಯ್ಯವಾರೂ" ಎಂದರು. ಈ ಮರಗಳು ಕೆರೆಯ ನೀರನ್ನು ಕುಡಿದುಬಿಡುತ್ತವೆ ಎಂದು. ಆಮೇಲೆ ಕೈಯೆತ್ತಿ ಮೇಲಿನಿಂದ ಕೆಳಗಿನವರೆಗೆ ಆ ಸರಪಳಿಯ ಏಳು ಕೆರೆಗಳ ಹೆಸರನ್ನು ಒಂದೇ ಉಸಿರಿಗೆ ಹೇಳಿ, ಮೊದಲನೆಯದು ಬರಿದಾದರೆ ಏಳಕ್ಕೂ ಇಲ್ಲ ಎಂದರು.

ನಾನು ಆ ಮಾತನ್ನು ಕನ್ನಡಕ್ಕೆ ತಿರುಗಿಸಿ, "ಮಕ್ಕಳೇ, ಮೂಢನಂಬಿಕೆ ಎಂದರೆ ಇದೇ. ಮರ ಮಳೆ ತರುತ್ತದೆಯೋ, ನೀರು ಕುಡಿಯುತ್ತದೆಯೋ?" ಎಂದೆ. ಮಕ್ಕಳು ನಕ್ಕರು. ಒಬ್ಬ ಹುಡುಗ ನಗಲಿಲ್ಲ. ತಲೆ ತಗ್ಗಿಸಿಕೊಂಡು ಗುಂಡಿ ತೋಡುತ್ತಿದ್ದ. ಅವನು ಆ ಹಿರಿಯರ ಮೊಮ್ಮಗ. ಅದು ನನಗೆ ಗೊತ್ತಿತ್ತು.

ಮುಂದಿನದು ನಿಮಗೆಲ್ಲ ತಿಳಿದದ್ದೇ. ಗೋಮಾಳದಲ್ಲಿ ನೆಟ್ಟಿದ್ದನ್ನು ನೋಡಿ ಬೆದ್ದಲು ಹೊಲಗಳವರೂ ನೆಟ್ಟರು. ನೀಲಗಿರಿ ಕಡಿದಷ್ಟೂ ಚಿಗುರುವ ಮರ, ಕಾವಲು ಬೇಡ, ಕಡಿದು ಮಾರಿದರೆ ದುಡ್ಡು. ಎಲ್ಲ ಪಾಪವನ್ನೂ ಆ ಮರದ ತಲೆಗೇ ಕಟ್ಟುವುದೂ ನ್ಯಾಯವಲ್ಲ. ಕಾಲುವೆಗಳು ಒತ್ತುವರಿಯಾದವು, ಮರಳು ತೆಗೆದರು, ಸಾವಿರ ಅಡಿ ಮೀರಿ ಕೊಳವೆಬಾವಿ ಕೊರೆದರು, ಬಂದ ನೀರಿನಲ್ಲಿ ಫ್ಲೋರೈಡ್. ಆದರೂ 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದ ಸುದ್ದಿಯನ್ನು ಓದಿದ ದಿನ ನನಗೆ ಕಾಫಿ ರುಚಿಸಲಿಲ್ಲ. ಮೂವತ್ತಮೂರು ವರ್ಷಗಳ ಹಿಂದೆ ಓದು ಬಾರದ ಒಬ್ಬರು ನನ್ನ ಎದುರಿಗೇ ಹೇಳಿದ್ದರು.

2018ರ ಜೂನ್‌ನಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಲಕ್ಷ್ಮೀಸಾಗರದ ಕೆರೆಗೆ ಹರಿಸಿದರು. ಜನ ಪೂಜೆ ಮಾಡಿದರು. ಮುಂದಿನ ತಿಂಗಳು ನೊರೆ ಕಂಡಿತು, ವಿಷಯ ನ್ಯಾಯಾಲಯಕ್ಕೆ ಹೋಯಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂಬುದು ರೈತಸಂಘಟನೆಗಳ ಬೇಡಿಕೆ, ನನ್ನ ಅಭಿಪ್ರಾಯವೂ ಅದೇ. ಅಂತರ್ಜಲ ಏರಿದ್ದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ತನ್ನ ಮಳೆಯನ್ನು ತಾನೇ ಹಿಡಿಯುತ್ತಿದ್ದ ನಾಡು ಇನ್ನೊಬ್ಬರು ಮಿಂದು ಬಿಟ್ಟ ನೀರಿಗೆ ಕೈಯೊಡ್ಡಿದ್ದು ಮನಸ್ಸಿಗೆ ಚುಚ್ಚುತ್ತದೆ.

2021ರ ನವೆಂಬರಿನ ಮಳೆಗೆ ಜಿಲ್ಲೆಯ ಕೆರೆಗಳು ಎಷ್ಟೋ ವರ್ಷಗಳ ಮೇಲೆ ಕೋಡಿ ಹರಿದವು. ಮನೆಯವರು ಬೇಡವೆಂದರೂ ಬಸ್ಸು ಹತ್ತಿ ಆ ಹಳ್ಳಿಗೆ ಹೋದೆ. ಏರಿಯ ಮೇಲೆ ಜಾತ್ರೆಯಂತೆ ಜನ. ಐವತ್ತರ ಹತ್ತಿರದ ಒಬ್ಬರು ಬಂದು ಕಾಲು ಮುಟ್ಟಿ, "ಸಾರ್, ಗುರ್ತು ಸಿಕ್ತಾ?" ಎಂದರು. ಗುಂಡಿ ತೋಡುತ್ತಿದ್ದ ಆ ಹುಡುಗ. ಅಜ್ಜ 1991ರಲ್ಲಿ ತೀರಿಕೊಂಡರಂತೆ, ಆಮೇಲೆ ನೀರುಗಂಟಿ ಕೆಲಸವನ್ನು ಯಾರೂ ಮಾಡಲಿಲ್ಲವಂತೆ. ತೂಬಿನ ಕಲ್ಲುಗಂಬಗಳ ಬಳಿಗೆ ಕರೆದೊಯ್ದರು. ಕೆರೆ ತುಂಬಿದೆ, ತೂಬು ಹೂಳಿನಲ್ಲಿ ಮುಚ್ಚಿದೆ, ಎತ್ತಬೇಕೆಂದರೆ ಹೇಗೆಂದು ತಿಳಿದವರು ಊರಿನಲ್ಲಿಲ್ಲ.

"ಅವತ್ತು ನಿಮ್ಮ ತಾತನನ್ನು ನೋಡಿ ನಗುವಂತೆ ಮಾಡಿದ್ದು ನಾನು" ಎಂದೆ. ಅವರು ನೀರನ್ನೇ ನೋಡುತ್ತ, "ಜ್ಞಾಪಕ ಇದೆ ಸಾರ್" ಎಂದರು. ಹೋಗಲಿ ಬಿಡಿ ಎನ್ನುತ್ತಾರೆಂದು ಕಾದೆ. ಎನ್ನಲಿಲ್ಲ. ಮನೆಗೆ ಕರೆದೊಯ್ದು ಮುದ್ದೆ, ಹುರುಳಿಕಾಳು ಸಾರು ಬಡಿಸಿದರು.

ಊಟವಾದ ಮೇಲೆ ಏಳು ಕೆರೆಗಳ ಹೆಸರು ಕೇಳಿದೆ. ಬೆರಳು ಮಡಿಸುತ್ತ ಐದು ಹೇಳಿ ನಿಂತರು. ಕೆಳಗಿನ ಎರಡರ ಜಾಗದಲ್ಲಿ ಈಗ ಬಡಾವಣೆಯಿದೆ, ಹೆಸರು ತಿಳಿಯದು. ಆ ಐದನ್ನು ನೀಲಿ ಶಾಯಿಯಲ್ಲಿ ಈಗ ನಕ್ಷೆಗೆ ಸೇರಿಸಿದ್ದೇನೆ. 1984ರ ಏಳನೆಯ ತರಗತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಂದು ಅವರು ಹೇಳಿದ ಉಳಿದೆರಡು ಹೆಸರುಗಳು ನೆನಪಿದ್ದರೆ, ದಯವಿಟ್ಟು ನನಗೆ ಬರೆದು ತಿಳಿಸಿ. ಮನೆಯ ಹಿರಿಯರನ್ನು ಕೇಳಿದರೂ ಆದೀತು. ಅವರು ತೆಲುಗಿನಲ್ಲಿ ಹೇಳಿದರೆ ಹಾಗೆಯೇ ಬರೆಯಿರಿ.