ಗೋಳವನ್ನು ಸುತ್ತುವ ಅಕ್ಷರಗಳು

ಅಮೆರಿಕದ ಯೂನಿವರ್ಸಲ್ ಸಂಸ್ಥೆಯ ಚಲನಚಿತ್ರಗಳ ಆರಂಭದಲ್ಲಿ ಭೂಗೋಳವೊಂದು ಮೆಲ್ಲನೆ ಹೊರಳುತ್ತದೆ. ಅದರ ಮರೆಯಿಂದ ಹೊಮ್ಮಿದ ಅಕ್ಷರಗಳು ಮುಂಭಾಗಕ್ಕೆ ಸುತ್ತಿ ಬಂದು ಸಂಸ್ಥೆಯ ಹೆಸರಾಗಿ ನಿಲ್ಲುತ್ತವೆ. 1930ರ ದಶಕದಲ್ಲಿ ಇಂತಹ ನೋಟಕ್ಕೆ ನಿಜವಾದ ಮಾದರಿಯನ್ನೇ ಕಟ್ಟಿ ಕ್ಯಾಮೆರಾದ ಮುಂದೆ ತಿರುಗಿಸಬೇಕಾಗಿತ್ತು. ಇಂದು ಅದು ಗಣಕಯಂತ್ರದ ಕೆಲಸ. ‘ಆಫ್ಟರ್ ಎಫೆಕ್ಟ್ಸ್’ ಎಂಬ ತಂತ್ರಾಂಶಕ್ಕೆ 2001ರಲ್ಲಿ ಮೂರನೆಯ ಆಯಾಮ ದೊರೆಯಿತು.

ಯುಕ್ತಿಯೇನೂ ಹೊಸದಲ್ಲ, ಗಾಣದ ಎತ್ತು ಅದನ್ನು ಬಲ್ಲದು. ಅಕ್ಷರವು ತನ್ನ ನಡುವನ್ನೇ ಅಚ್ಚಾಗಿಸಿಕೊಂಡು ತಿರುಗಿದರೆ ಬುಗುರಿಯಾದೀತು. ಆ ಅಚ್ಚನ್ನು ಗೋಳದ ನಡುವಿಗೆ ಸರಿಸಿದರೆ ಮಾತ್ರ ಪ್ರದಕ್ಷಿಣೆ ಹಾಕೀತು. ಒಂದು ಸುತ್ತಿಗೆ 6 ಸೆಕೆಂಡು, ಸೆಕೆಂಡಿಗೆ 24 ಚಿತ್ರಗಳೆಂದರೆ ಒಟ್ಟು 144. ಚಿತ್ರದಿಂದ ಚಿತ್ರಕ್ಕೆ ಅಕ್ಷರವು ಎರಡೂವರೆ ಡಿಗ್ರಿಯಷ್ಟೇ ಸರಿಯುತ್ತದೆ.

ಕಷ್ಟವಿರುವುದು ಗೋಳದ ಬೆನ್ನಿನಲ್ಲಿ. ಗೋಳವು ಆಳವಿಲ್ಲದ ಬರಿಯ ಚಿತ್ರವಾಗಿದ್ದರೆ ಹಿಂದೆ ಸರಿದ ಅಕ್ಷರವೂ ಅದರ ಮೇಲೆಯೇ ತೇಲುತ್ತದೆ. ಸುತ್ತಿದೆಯೆಂದು ಕಣ್ಣು ಒಪ್ಪುವುದೇ ಇಲ್ಲ. ಆಗ ಕಲಾವಿದನು ಹೆಸರಿನ ಎರಡು ಪ್ರತಿಗಳನ್ನು ಮಾಡಿ, ಮುಂದೆ ಸಾಗುವ ಭಾಗವನ್ನು ಗೋಳದ ಮೇಲಿನ ಪದರದಲ್ಲೂ ಹಿಂದೆ ಸಾಗುವ ಭಾಗವನ್ನು ಕೆಳಗಿನ ಪದರದಲ್ಲೂ ಇರಿಸುತ್ತಾನೆ.

ಕನ್ನಡದ ಹೆಸರಾದರೆ ಇನ್ನೂ ಒಂದು ಎಚ್ಚರ ಬೇಕು. ಅಕ್ಷರಗಳನ್ನು ಬಿಡಿಬಿಡಿಯಾಗಿ ಸುತ್ತಿಸುವಾಗ ಒತ್ತಕ್ಷರವು ತನ್ನ ಮೂಲಾಕ್ಷರವನ್ನು ಅಗಲಕೂಡದು. ‘ಅಮ್ಮ’ ಎಂಬಲ್ಲಿ ಮಕಾರದ ಒತ್ತು ಅರ್ಧ ಸುತ್ತು ಹಿಂದುಳಿದರೆ ನೋಡುವವರ ಮುಂದೆ ನಿಲ್ಲುವುದು ಬರಿಯ ‘ಅಮ’.