ದೊಣ್ಣೆಪ್ಪ

ಹತ್ತು ರೂಪಾಯಿ ನಾಣ್ಯಕ್ಕಿಂತ ಕೊಂಚ ಅಗಲ, ಎಳೆ ಹಸಿರು ಮೈ, ಕಣ್ಣಿನ ಹಿಂದೆ ಕುಂಕುಮದಲ್ಲಿ ಎಳೆದಂಥ ಗೆರೆ. ಮೀನಿನ ಅಂಗಡಿಯವನು ಆ ಆಮೆಮರಿಯನ್ನು ನೀರಿನ ಕವರಿಗೆ ಹಾಕಿ, ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿ ಮಗಳ ಕೈಗಿತ್ತ. "ಎಷ್ಟು ದೊಡ್ಡದಾಗತ್ತಪ್ಪ?" ಎಂದೆ. "ಟ್ಯಾಂಕ್ ಎಷ್ಟಿರತ್ತೋ ಅಷ್ಟೇ ಸಾರ್" ಎಂದ. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ಮನೆಯ ಅಳತೆಗೆ ಮೈ ಕುಗ್ಗಿಸಿಕೊಂಡು ಬದುಕುವುದು ಹೊಸದಲ್ಲವಾದ್ದರಿಂದ ನಂಬಿಬಿಟ್ಟೆ.

ಮಗಳಾಗ ಎರಡನೇ ಕ್ಲಾಸು. ಟಿವಿಯ ನಿಂಜಾ ಆಮೆಗಳ ಗುಂಗು. ಡೊನಾಟೆಲೊ ಎಂದು ನಾಮಕರಣವಾಯಿತು. ಇಟಲಿಯ ಶಿಲ್ಪಿಯೊಬ್ಬನ ಹೆಸರು 1984ರಲ್ಲಿ ಅಮೆರಿಕದ ಕಾಮಿಕ್ಸ್ ಹೊಕ್ಕು, ಅಲ್ಲಿಂದ ನಮ್ಮ ಬಚ್ಚಲ ಪಕ್ಕದ ಬೋಗುಣಿಗೆ ಬಂದು, ನನ್ನ ಅಮ್ಮನ ಬಾಯಲ್ಲಿ ಒಂದೇ ವಾರಕ್ಕೆ 'ದೊಣ್ಣೆಪ್ಪ' ಆಯಿತು.

ಎದುರುಮನೆಯ ತಮಿಳು ಮಾಮಿ ಬಾಗಿಲಲ್ಲೇ ನಿಂತು, ಆಮೆ ಹೊಕ್ಕ ಮನೆಯೂ ಕೋರ್ಟಿನ ಅಮೀನ ಹೊಕ್ಕ ಮನೆಯೂ ಏಳಿಗೆಯಾಗುವುದಿಲ್ಲವೆಂದು ಎಚ್ಚರಿಸಿದರು. ಮೇಲಿನ ಮಹಡಿಯವರು ಅದೇ ತಿಂಗಳು ಚೀನೀ ವಾಸ್ತು ಎಂದು ಹಿತ್ತಾಳೆ ಆಮೆಯೊಂದನ್ನು ತಂದು ಉತ್ತರ ದಿಕ್ಕಿಗೆ ಕೂರಿಸಿದ್ದರು. ನಮ್ಮದು ಗಳಿಗೆಗೊಂದು ದಿಕ್ಕಿಗೆ ತಿರುಗುತ್ತಿತ್ತು. ಹಾಗಾಗಿ ಒಳ್ಳೆಯದೂ ಕೆಟ್ಟದ್ದೂ ನಮ್ಮ ಮನೆಯ ದಾರಿ ಸಿಗದೆ ವಾಪಸು ಹೋಗಿರಬೇಕು.

ಅಮ್ಮನಿಗೆ ಆಮೆ ಹೊಸದೇನಲ್ಲ. ತೀರ್ಥಹಳ್ಳಿ ಕಡೆಯ ಅಜ್ಜನ ಮನೆ ಬಾವಿಯಲ್ಲಿ ಒಂದಿತ್ತು. ಬಿದ್ದ ಹುಳುಹುಪ್ಪಟೆ ತಿಂದು ನೀರು ಚೊಕ್ಕಟವಾಗಿಡುತ್ತದೆ ಎಂದು ಯಾರೋ ಯಾವಾಗಲೋ ಬಿಟ್ಟದ್ದು. ಅದಕ್ಕೆ ಹೆಸರಿರಲಿಲ್ಲ, ವಯಸ್ಸೂ ಯಾರಿಗೂ ಗೊತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ನಾನು ಸೇದಿದ ಕೊಡಪಾನದೊಳಗೇ ಅದು ಮೇಲೆ ಬಂದುಬಿಟ್ಟಿತು. ಅಜ್ಜಿ ಗಾಬರಿಯಾಗಲಿಲ್ಲ. "ಅದಕ್ಕೇನು ಕೆಲಸ ಇಲ್ಲವೇನೋ ನಿನ್ನ ಹಾಗೆ? ಕೆಳಗೆ ಬಿಡು" ಎಂದಳು. ಈಗ ನಮ್ಮ ನೆಲದ ಆಮೆಗಳನ್ನು ಹಿಡಿದು ಸಾಕಿದರೆ 1972ರ ವನ್ಯಜೀವಿ ಕಾಯಿದೆ ಅಡ್ಡ ಬರುತ್ತದೆ, ಬರಬೇಕಾದದ್ದೇ. ದೊಣ್ಣೆಪ್ಪ ಪರದೇಶಿ. ಅದಕ್ಕೇ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ರಾಜಾರೋಷವಾಗಿ ಕೂತಿದ್ದ.

ಅವನ ಕುಲದ ಹೆಸರು ಕೆಂಪು ಕಿವಿಯ ಸ್ಲೈಡರ್. ಆ ಕೆಂಪು ಕಿವಿಯಲ್ಲ, ಬರೀ ಪಟ್ಟೆ. ದಿಮ್ಮಿಯ ಮೇಲೆ ಬಿಸಿಲು ಕಾಯಿಸುತ್ತ ಕೂತದ್ದು ಸದ್ದಾದರೆ ಸರ್ರನೆ ನೀರಿಗೆ ಜಾರುತ್ತದೆಂದು ಸ್ಲೈಡರ್ ಎಂಬ ಹೆಸರು. ತವರು ಮಿಸಿಸಿಪ್ಪಿ ಕಣಿವೆ. ಲೂಯಿಸಿಯಾನದಲ್ಲಿ ಇವುಗಳ ಸಾಕಣೆ ಕೇಂದ್ರಗಳೇ ಇದ್ದವು. ಪುಟ್ಟ ಬೋಗುಣಿ, ಅದರೊಳಗೊಂದು ಪ್ಲಾಸ್ಟಿಕ್ ತಾಳೆಮರ, ಅದರ ಕೆಳಗೊಂದು ಮರಿ. ಅಮೆರಿಕದ ಮಕ್ಕಳಿಗೆ ಚಿಲ್ಲರೆ ಅಂಗಡಿಗಳಲ್ಲಿ ಹೀಗೇ ಮಾರುತ್ತಿದ್ದರು. ಮಕ್ಕಳು ಅದನ್ನು ಬಾಯಿಗಿಟ್ಟರು, ಸಾಲ್ಮೊನೆಲ್ಲಾ ಸೋಂಕು ತಗುಲಿತು. 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಯನ್ನು ಸಾಕಲು ಮಾರುವುದನ್ನು ಅಲ್ಲಿ ನಿಷೇಧಿಸಿದರು. ನಾಲ್ಕು ಇಂಚಿನದು ಮಗುವಿನ ಬಾಯಿಗೆ ಹಿಡಿಯುವುದಿಲ್ಲವಲ್ಲ! ಆದರೆ ರಫ್ತಿಗೆ ಅಡ್ಡಿಯಿರಲಿಲ್ಲ. ತಮ್ಮ ಮಕ್ಕಳಿಗೆ ಬೇಡವಾದದ್ದನ್ನು ಊರ ಮಕ್ಕಳಿಗೆಲ್ಲ ಹಂಚಿದರು. 1997ರಲ್ಲಿ ಯುರೋಪಿನ ಒಕ್ಕೂಟ ಆಮದು ನಿಲ್ಲಿಸಿತು; 2023ರಲ್ಲಿ ಜಪಾನು ಮಾರಾಟ ನಿಷೇಧಿಸಿತು, ಮನೆಯಲ್ಲಿ ಆಗಲೇ ಇದ್ದದ್ದನ್ನು ಸಾಕಿಕೊಳ್ಳಿ ಎಂದಿತು.

ನಮ್ಮ ಮನೆಯಲ್ಲಿ ಆಗಲೇ ಇದ್ದದ್ದು ಟ್ಯಾಂಕಿನ ಮಾತು ಕೇಳಲಿಲ್ಲ. ಬೋಗುಣಿ ಟಬ್ಬಾಯಿತು, ಟಬ್ಬು ಬಟ್ಟೆ ನೆನೆಸುವ ದೊಡ್ಡ ಟಬ್ಬಾಯಿತು. ಮಧ್ಯದಲ್ಲೊಮ್ಮೆ ಚಿಪ್ಪು ಒದ್ದೆ ರಟ್ಟಿನಂತೆ ಮೆತ್ತಗಾಯಿತು. ಬಿಸಿಲು ಸಾಲದು, ಸುಣ್ಣದಂಶ ಸಾಲದು ಎಂದರು ಪಶುವೈದ್ಯರು. ಅಂದಿನಿಂದ ಬೆಳಗಿನ ಬಿಸಿಲಿಗೆ ಟೆರೇಸಿನ ಮೇಲೆ ನಾವಿಬ್ಬರೂ ಕೂರುತ್ತೇವೆ. ನನ್ನ ಡಿ ವಿಟಮಿನ್ನೂ ಆಗ ಕಡಿಮೆಯೇ ಇತ್ತು. ಟಬ್ಬಿನ ನೀರು ಎರಡು ದಿನಕ್ಕೆ ಕೆರೆಯ ತಳದ ವಾಸನೆ ಹೊಡೆಯುತ್ತದೆ. ಅಮ್ಮ ಅದನ್ನು ದಾಸವಾಳದ ಬುಡಕ್ಕೆ ಸುರಿಯುತ್ತಾಳೆ, ಗಿಡ ಸೊಕ್ಕಿ ನಿಂತಿದೆ.

ಏಳನೇ ವರ್ಷ ದೊಣ್ಣೆಪ್ಪ ಊಟ ಬಿಟ್ಟು ಟಬ್ಬು ಕೆರೆಯತೊಡಗಿದ. ಮೂರನೇ ದಿನ ನೀರಿನಡಿಯಲ್ಲಿ ದೊಡ್ಡ ನೇರಳೆಹಣ್ಣಿನ ಗಾತ್ರದ ನಾಲ್ಕು ಬಿಳಿ ಮೊಟ್ಟೆ! ಗಂಡಿಲ್ಲದೆಯೂ ಇಡುತ್ತವಂತೆ, ಮರಿಯಾಗುವುದಿಲ್ಲ ಅಷ್ಟೆ. ಗಂಡಿನ ಮುಂಗಾಲಿನ ಉಗುರು ಉದ್ದ. ಹೆಣ್ಣಿನ ಮುಖದೆದುರು ಅದನ್ನು ಪಟಪಟ ಆಡಿಸಿ ಒಲಿಸುತ್ತದೆ. ನಮ್ಮದರ ಉಗುರು ಮೊಂಡು ಎಂಬುದನ್ನು ಏಳು ವರ್ಷ ಯಾರೂ ನೋಡಿರಲಿಲ್ಲ. "ದೊಣ್ಣಮ್ಮ ಅನ್ನಿ ಇನ್ಮೇಲೆ" ಎಂದು ಅಮ್ಮ ತಿದ್ದುಪಡಿ ಹೊರಡಿಸಿದಳು.

ಚಿಪ್ಪು ಊಟದ ತಟ್ಟೆಯಷ್ಟಾದ ಮೇಲೆ ಸಲಹೆಗಳು ಬಂದವು. ದೇವಸ್ಥಾನದ ಕಲ್ಯಾಣಿಗೆ ಬಿಟ್ಟುಬಿಡಿ, ಪುಣ್ಯ ಬರುತ್ತೆ. ಇದೇ ಪುಣ್ಯವನ್ನು ಲೋಕವೆಲ್ಲ ಮಾಡಿರುವುದರಿಂದಲೇ, ಜಗತ್ತಿನ ನೂರು ಅತಿಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ದೊಣ್ಣಮ್ಮನ ಕುಲವೂ ಸೇರಿದೆ. ಗುವಾಹಟಿಯ ದೇವಸ್ಥಾನದ ಕೊಳವೊಂದರಲ್ಲೂ ಸಿಕ್ಕಿದ್ದುಂಟು. ಬಿಸಿಲು ಕಾಯುವ ಕಲ್ಲು, ತಿನ್ನುವ ಸೊಪ್ಪು, ಎಲ್ಲದಕ್ಕೂ ಊರಿನ ಆಮೆಗಳೊಡನೆ ಜಗಳ. ಅಜ್ಜಿಯ ಬಾವಿಯವನ ವಂಶದವರನ್ನು ನಮ್ಮ ದೊಣ್ಣಮ್ಮ ಕಲ್ಲಿನಿಂದ ಕೆಳಗೆ ತಳ್ಳುವುದನ್ನು ಊಹಿಸಿಕೊಂಡೆ. ಟಬ್ಬು ಬದಲಿಸಿದೆ, ಇನ್ನೂ ದೊಡ್ಡದಕ್ಕೆ. ಚೆನ್ನಾಗಿ ನೋಡಿಕೊಂಡರೆ ಮೂವತ್ತು ವರ್ಷ ದಾಟಿ ಬದುಕುತ್ತದೆಯಂತೆ. ನನಗೀಗ ಐವತ್ತಮೂರು. ಕೂಡಿಸಿ ನೋಡಿ, ಆ ಲೆಕ್ಕವನ್ನು ಹೆಂಡತಿಗೆ ಹೇಳಲಿಲ್ಲ.

ಮಗಳು ಈ ವರ್ಷ ಮೈಸೂರಿನ ಹಾಸ್ಟೆಲ್ ಸೇರಿದಳು. ರಾತ್ರಿ ವಿಡಿಯೊ ಕಾಲ್ ಮಾಡಿದರೆ ಮೊದಲ ಪ್ರಶ್ನೆ, "ತಿಂದಳಾ?" ನಾನು ಫೋನನ್ನು ಟಬ್ಬಿನ ಮೇಲೆ ಹಿಡಿಯುತ್ತೇನೆ. ದಿಮ್ಮಿಯ ಮೇಲಿದ್ದವಳು ಕತ್ತೆತ್ತಿ ನೋಡಿ ಸರ್ರನೆ ಜಾರುತ್ತಾಳೆ. ಪರದೆಯಲ್ಲಿ ಮಗಳ ಮೂಗು ಹತ್ತಿರವಾಗುತ್ತದೆ.

"ಅಪ್ಪಾ, ನೀರು ಬದಲಾಯಿಸಿಲ್ಲ ಅಲ್ವಾ?"