ಒಂದು ವರದಿ, ಆರು ಹೆಸರು

ವಾಣಿಜ್ಯ ಮತ್ತು ವ್ಯವಹಾರ ನಿರ್ವಹಣೆಯ ಪದವಿ ತರಗತಿಗಳಲ್ಲಿ ‘ಗ್ರೂಪ್ ಪ್ರಾಜೆಕ್ಟ್’ ಎಂಬುದು ಈಗ ಪರಿಚಿತ ಮಾತು. ಐದಾರು ವಿದ್ಯಾರ್ಥಿಗಳಿಗೆ ಒಂದು ವಿಷಯ, ಒಂದು ವರದಿ, ಹಲವು ವೇಳೆ ಎಲ್ಲರಿಗೂ ಒಂದೇ ಅಂಕ. ನಾಳೆ ಬ್ಯಾಂಕು, ಕಂಪನಿ, ಸಹಕಾರ ಸಂಘಗಳಲ್ಲಿ ಇತರರೊಡನೆ ದುಡಿಯಬೇಕಾದವರು ಇಂದೇ ಕೂಡಿ ದುಡಿಯಲು ಕಲಿಯಲಿ ಎಂಬುದು ಉದ್ದೇಶ. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಚಿತ್ರದುರ್ಗ, ಮದಕರಿಪುರ, ಹೊಳಲ್ಕೆರೆಗಳ ಕಡೆಯ ನಮ್ಮ ಯುವಜನರು ಭಾನುವಾರದ ಪೂಜೆಯ ನಂತರ ದೇವಾಲಯದ ಮುಂದೆ ಆಡಿಕೊಳ್ಳುವ ಮಾತುಗಳೇ ಬೇರೆ. ಒಬ್ಬಳು ಬರೆಯುತ್ತಾಳೆ, ಒಬ್ಬ ಟೈಪ್ ಮಾಡಿಸುತ್ತಾನೆ, ಒಬ್ಬ ಬೈಂಡಿಂಗಿನ ಹಣ ಕೊಡುತ್ತಾನೆ; ಉಳಿದವರು ಸಹಿ ಹಾಕುತ್ತಾರೆ. (ಟೈಪ್ ಮಾಡಿಸಿದವನೂ ವರದಿಯನ್ನು ಓದಿರುವುದಿಲ್ಲವೆಂಬುದು ಬೇರೆ ಮಾತು.)

ಕೆಲವು ವರ್ಷಗಳ ಹಿಂದೆ ಬಿ.ಕಾಂ. ಓದುತ್ತಿದ್ದ ಹುಡುಗಿಯೊಬ್ಬಳು ನನ್ನಲ್ಲಿಗೆ ಬಂದು, “ಫಾದರ್, ಏನೂ ಮಾಡದವನ ಹೆಸರನ್ನು ವರದಿಯಲ್ಲಿ ಸೇರಿಸಿದರೆ ಸುಳ್ಳು ಹೇಳಿದಂತಾಗುವುದಿಲ್ಲವೇ? ಬಿಟ್ಟರೆ ಪಾಪ, ಅವನು ಫೇಲಾಗುತ್ತಾನೆ” ಎಂದಳು. ಗುರುಮಠದಲ್ಲಿ ನೀತಿಶಾಸ್ತ್ರ ಓದಿದವರಿಗೂ ಇದು ಸುಲಭದ ಪ್ರಶ್ನೆಯಲ್ಲ. ಸತ್ಯ, ಕರುಣೆಗಳೆರಡೂ ಒಂದೇ ಹಾಳೆಯ ಮೇಲೆ ಎದುರುಬದುರಾಗಿ ನಿಂತಿದ್ದವು. ಲೆಕ್ಕಪತ್ರಕ್ಕೆ ಸಹಿ ಹಾಕುವುದನ್ನೇ ವೃತ್ತಿಯಾಗಿಸಿಕೊಳ್ಳಲಿರುವ ಮಕ್ಕಳು, ಓದದ ಪುಟಕ್ಕೆ ಸಹಿ ಹಾಕುವ ಅಭ್ಯಾಸವನ್ನು ಕಾಲೇಜಿನಲ್ಲಿಯೇ ಕಲಿತರೆ ಮುಂದೇನು? 2009ರಲ್ಲಿ ಸತ್ಯಂ ಕಂಪನಿಯ ಸುಳ್ಳು ಲೆಕ್ಕ ಬಯಲಾದಾಗ ದೇಶವೇ ಬೆಚ್ಚಿತ್ತು.

ಈ ಮೈಗಳ್ಳತನ ನಮ್ಮ ಮಕ್ಕಳದು ಮಾತ್ರವೆಂದು ಭಾವಿಸಬೇಕಾಗಿಲ್ಲ. ಫ್ರಾನ್ಸಿನ ಕೃಷಿ ಇಂಜಿನಿಯರ್ ರಿಂಗೆಲ್‌ಮನ್ ಜನರಿಂದ ಹಗ್ಗ ಎಳೆಸಿ, ಅವರು ಹಾಕುವ ಬಲವನ್ನು ಅಳೆದು, 1913ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಂಟು ಜನ ಕೂಡಿ ಎಳೆದಾಗ ಒಬ್ಬೊಬ್ಬರಿಂದ ಬಂದ ಬಲ, ಅವರು ಒಂಟಿಯಾಗಿ ಎಳೆಯಬಲ್ಲುದರ ಅರ್ಧದಷ್ಟೇ ಆಗಿತ್ತು. ನಾಯಕನಹಟ್ಟಿಯ ತೇರಿನ ಹಗ್ಗ ಹಿಡಿದವರಲ್ಲಿ ಎಷ್ಟು ಮಂದಿ ಎಳೆಯುತ್ತಾರೆ, ಎಷ್ಟು ಮಂದಿ ಹಗ್ಗವನ್ನು ಮುಟ್ಟಿರುತ್ತಾರೆ ಎಂದು ನಮ್ಮ ಹಳ್ಳಿಗರು ನಗುವುದುಂಟು. 1981ರಲ್ಲಿ ಅಮೆರಿಕದ ಸಂಶೋಧಕರು ಇನ್ನೊಂದು ಸಂಗತಿ ಕಂಡುಕೊಂಡರು: ಗುಂಪಿನಲ್ಲಿ ಕೂಗುವವರಿಗೆ, ಪ್ರತಿಯೊಬ್ಬರ ದನಿಯನ್ನೂ ಬೇರೆಯಾಗಿ ಅಳೆಯುತ್ತೇವೆಂದು ತಿಳಿಸಿದಾಗ ಅವರು ಹಿಂದೆ ಬೀಳಲಿಲ್ಲ. ಅದೇ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸುವಾಗ, ದುಡಿದವರಿಗೆ ದುಡಿದಷ್ಟೇ ಸಲ್ಲಬೇಕೆಂಬ ನೀತಿ ಪಾಲಿಸಿದರೆಂದು ಜನ ಇಂದಿಗೂ ನೆನೆಯುತ್ತಾರೆ.

ಆದ್ದರಿಂದ ಆ ಹುಡುಗಿಗೆ, “ಹೆಸರು ತೆಗೆಯಬೇಡಮ್ಮಾ. ಪ್ರತಿ ಹೆಸರಿನ ಮುಂದೆ ಅವರು ಮಾಡಿದ ಕೆಲಸವನ್ನು ಬರೆ. ಬರೆಯುವ ಮೊದಲು ಅವರವರನ್ನೇ ಕೇಳು” ಎಂದೆ. ಅಧ್ಯಾಪಕರೂ ಒಪ್ಪಿದರು.

ಕೇಳಲು ಹೋದಾಗಲೇ ತಿಳಿದದ್ದು, ಆ ಹುಡುಗ ಬೆಳಗಿನ ಜಾವ ಈರುಳ್ಳಿ ಮಂಡಿಯಲ್ಲಿ ಮೂಟೆ ಹೊತ್ತು, ಅಲ್ಲಿಂದಲೇ ತರಗತಿಗೆ ಬರುತ್ತಿದ್ದನೆಂದು. ಗುಂಪು ಸೇರುತ್ತಿದ್ದುದು ಸಂಜೆ. ಹೊಸದುರ್ಗದ ಕಡೆ ಅವನ ಊರಿಗೆ ಹೋಗುವ ಕೊನೆಯ ಬಸ್ಸು ಅದಕ್ಕೂ ಮೊದಲೇ ಹೊರಡುತ್ತಿತ್ತು. ಹೇಳಿಕೊಳ್ಳಲು ಅವನಿಗೆ ನಾಚಿಕೆ, ಕೇಳಲು ಇವರಿಗೆ ಕೋಪ. ಅವರ ವರದಿಯ ವಿಷಯವೋ, ಈರುಳ್ಳಿಯ ಮಾರಾಟ ವ್ಯವಸ್ಥೆ! ಒಬ್ಬನೇ ರೈತನ ಮೂಟೆಗಳಿಗೆ ಒಂದೇ ದಿನ ಎರಡು ಬೆಲೆ ಏಕೆ, ಗಡ್ಡೆಯ ಗಾತ್ರ ನೋಡಿ ಬೇರ್ಪಡಿಸುವುದು ಹೇಗೆ, ಮಳೆಯಲ್ಲಿ ನೆನೆದ ಮಾಲು ಎಷ್ಟಕ್ಕೆ ಇಳಿಯುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಉಳಿದ ಐವರು ಅದನ್ನು ಪುಸ್ತಕಗಳಲ್ಲಿ ಹುಡುಕುತ್ತಿದ್ದರು.

ಮೂರನೆಯ ಅಧ್ಯಾಯವನ್ನು ಅವನು ಮಧ್ಯಾಹ್ನದ ಬಿಡುವಿನಲ್ಲಿ ಹೇಳುತ್ತಾ ಹೋದ, ಆಕೆ ಬರೆದುಕೊಂಡಳು. ಅವನ ಹೆಸರಿನ ಮುಂದೆ ‘ಮಂಡಿಯ ಮಾಹಿತಿ’ ಎಂದಷ್ಟೇ ಇತ್ತು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಹೆಚ್ಚು ಹೊತ್ತು ಪ್ರಶ್ನೆ ಕೇಳಿದ್ದು ಅವನನ್ನೇ ಎಂದು ಆಕೆ ನನಗೆ ಬಂದು ಹೇಳಿದಳು.